ಮಾವನ ಮೀನೆಣ್ಣೆ, ನನ್ನ ಇರುಳುಗಣ್ಣು

ನಮ್ಮ ಮಾವನಿಗೆ ಸಮುದ್ರವೆಂದರೆ ಔಷಧಿ ಅಂಗಡಿ. ಬೇರೆಯವರು ಸಂಜೆ ಕಡಲ ದಂಡೆಗೆ ಗಾಳಿಗೆ ಹೋದರೆ ಇವರು ಕೈಚೀಲ ಹಿಡಿದು ಹೋಗುತ್ತಿದ್ದರು. ಅಲೆ ತಂದು ಹಾಕಿದ್ದನ್ನೆಲ್ಲ ಬಗ್ಗಿ ನೋಡಿ, ಮೂಸಿ, ಕೆಲವೊಮ್ಮೆ ನಾಲಿಗೆಗೂ ಹಚ್ಚಿ, ಬೇಕಾದ್ದನ್ನು ಚೀಲಕ್ಕೆ ಹಾಕಿಕೊಂಡು ಬರುವರು. ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ನಾನು ಕುಮಟೆಯಿಂದ ಹೊನ್ನಾವರದ ಆ ಮನೆಗೆ ಸೊಸೆಯಾಗಿ ಬಂದಾಗ ಜಗಲಿಯ ಗೋಡೆಗೆ ಸಾಲಾಗಿ ಶಂಖ, ಕವಡೆ, ಮುತ್ತಿನ ಚಿಪ್ಪು, ಹವಳದ ತುಂಡು, ಒಣಗಿದ ಪಾಚಿ. ಚಂದಕ್ಕೆ ಇಟ್ಟದ್ದೆಂದು ತಿಳಿದು ಒಂದೊಂದನ್ನೂ ಒರೆಸಿ, ಬಣ್ಣ ನೋಡಿ ಜೋಡಿಸಿಟ್ಟೆ. ಮಾವ ಬಂದವರು ಸೊಂಟಕ್ಕೆ ಕೈಕೊಟ್ಟು ನಿಂತರು. "ತಂಗಿ, ಹೊಟ್ಟೆನೋವಿಂದೂ ಕಿವಿ ಸೋರೂದಕ್ಕೆ ಹಾಕೂದೂ ಎರಡನ್ನೂ ಒಂದೇ ಪಂಕ್ತಿಗೆ ಕೂರ್ಸಿದ್ಯಲೇ" ಎಂದರು. ಬೈದದ್ದಲ್ಲ, ನಗುತ್ತಲೇ ಹೇಳಿದ್ದು. ಆದರೂ ನನಗೆ ಸಿಟ್ಟು ಬಂತು. ನನಗೆ ಆಗಲೂ ಸಿಟ್ಟು ಬೇಗ, ಈಗಲೂ ಬೇಗ.

ಮಾವ ಊರಿನ ವೈದ್ಯರು. ಅವರ ಕೈಯಲ್ಲಿ ಚಿಪ್ಪೊಂದು ಔಷಧಿಯಾಗಬೇಕಾದರೆ ಅದಕ್ಕೆ ದೊಡ್ಡ ಮೆರವಣಿಗೆಯೇ ಇತ್ತು. ಮೊದಲು ಹುಳಿ ಮಜ್ಜಿಗೆಯಲ್ಲೋ ನಿಂಬೆ ರಸದಲ್ಲೋ ಕುದಿಸಿ ತೊಳೆಯುವುದು, ಅದಕ್ಕೆ ಶುದ್ಧಿ ಎನ್ನುತ್ತಿದ್ದರು. ಆಮೇಲೆ ಕುಟ್ಟಿ, ಲೋಳೆಸರದ ರಸದಲ್ಲಿ ಅರೆದು, ಬಿಲ್ಲೆ ತಟ್ಟಿ, ಎರಡು ಮಣ್ಣಿನ ತಟ್ಟೆಗಳ ನಡುವೆ ಮುಚ್ಚಿ, ಸುತ್ತ ಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಹಿತ್ತಲ ಗುಂಡಿಯಲ್ಲಿ ಬೆರಣಿಯ ಬೆಂಕಿಗೆ ಕೊಡುವುದು. ಮರುದಿನ ತಣಿದ ಮೇಲೆ ಬಿಚ್ಚಿದರೆ ಒಳಗೆ ಬಿಳಿ ಬೂದಿ. ಅದೇ ಭಸ್ಮ. ಅದನ್ನು ಬೆರಳ ನಡುವೆ ತಿಕ್ಕಿ, ಗೆರೆಗಳ ಒಳಗೆ ಇಳಿಯುತ್ತದೋ ಇಲ್ಲವೋ ನೋಡಿ, ಇಳಿದರೆ ಇಡೀ ದಿನ ಹಾಡು ಗುನುಗುವರು.

ನಮ್ಮ ಮನೆಯಲ್ಲಿ ಮೀನಂತೂ ಇಲ್ಲ, ಊಟದ ಹೊತ್ತಿಗೆ ಮೀನಿನ ಮಾತೂ ಬರುವ ಹಾಗಿರಲಿಲ್ಲ. ಅತ್ತೆ ಮಡಿಯಲ್ಲಿ ಅಷ್ಟು ಗಟ್ಟಿ. ಮಾತು ಕಡಿಮೆ, ಕಣ್ಣು ಚುರುಕು, ಅಡುಗೆಮನೆಗೆ ಕಾಲಿಡುವ ಮೊದಲು ನಮ್ಮ ಕೈ ನೋಡುವರು. ಹಾಗಿದ್ದವರು ಹೊಟ್ಟೆಯುರಿ ಬಂದಾಗ ಶಂಖದ ಭಸ್ಮವನ್ನು ತುಪ್ಪದಲ್ಲಿ ಕಲಸಿ ಆರಾಮಾಗಿ ನೆಕ್ಕುತ್ತಿದ್ದರು. ಶಂಖದೊಳಗೂ ಒಂದು ಹುಳ ಇತ್ತಲ್ಲ ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ. "ಬೆಂಕಿ ಕಂಡು ಬಂದಿದ್ದಕ್ಕೆ ಮೈಲಿಗೆ ಇಲ್ಲೆ" ಎಂದರು. ಅಲ್ಲಿಗೆ ಮಾತು ಮುಗಿಯಿತು. ಆ ಮನೆಯ ಕಾನೂನೇ ಅದು. ಸಮುದ್ರದಿಂದ ಏನೇ ಬರಲಿ, ಬೆಂಕಿ ಕಂಡರೆ ಒಳಗೆ, ಕಾಣದಿದ್ದರೆ ಹೊರಗೆ.

ನನ್ನ ಗಂಡ ಭಟ್ಕಳದ ಹೈಸ್ಕೂಲಿನಲ್ಲಿ ಮಾಸ್ತರರು. ಅಲ್ಲೇ ಕೋಣೆ ಮಾಡಿಕೊಂಡಿದ್ದು, ಶನಿವಾರ ಶಾಲೆ ಮುಗಿಸಿ ಊರಿಗೆ ಬರುವರು. ಮಾವ ಅವರಿಂದ ತೆಂಗಿನಗುಂಡಿಯ ಬಂಡೆಗಳ ಮೇಲಿನ ಪಾಚಿ ತರಿಸುತ್ತಿದ್ದರು. ಹಸಿ ಪಾಚಿಯ ಚೀಲ ಬಸ್ಸಿನಲ್ಲಿ ನೀರು ಸೋರಿ, ಪಕ್ಕದಲ್ಲಿ ಕೂತವರ ಪಂಚೆ ತೋಯ್ದು, ಕಂಡಕ್ಟರು ಇವರನ್ನು ಮೀನಿನ ವ್ಯಾಪಾರದವರೆಂದೇ ತಿಳಿದು ಹಿಂದಿನ ಸೀಟಿಗೆ ಕಳಿಸುತ್ತಿದ್ದನಂತೆ. ಆ ಪಾಚಿ ಕುದಿಸಿ ಸೋಸಿಟ್ಟರೆ ಹಾಲುಬಾಯಿಯ ಹಾಗೆ ಗಟ್ಟಿಯಾಗುತ್ತಿತ್ತು. ಹೊಟ್ಟೆ ಹುಣ್ಣಿಗೆ ಒಳ್ಳೆಯದೆಂದು ಮಾವನ ಅಂದಾಜು. ಔಷಧಿ ಎನ್ನದೆ ಬೆಲ್ಲ ಹಾಕಿ ಬಂದವರಿಗೆಲ್ಲ ಕೊಡುವರು, ತಿಂದು ಮುಗಿಸಿದ ಮೇಲೆ ನಾಡಿ ಹಿಡಿದು ನೋಡುವರು. ಕೆಲವು ನೆಂಟರು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು.

ಮರುವರ್ಷ ನಾನು ಬಸುರಿಯಾದೆ. ಚೊಚ್ಚಲು ಹೆರಿಗೆ ತವರಲ್ಲಿ ಆಗಬೇಕು, ಆದರೆ ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಕುಮಟೆಯ ಮನೆಯಲ್ಲಿ ಅಪ್ಪ ಮತ್ತು ಅಣ್ಣ ಇಬ್ಬರೇ. ಹಾಗಾಗಿ ಹೆರಿಗೆ, ಬಾಣಂತನ ಎರಡೂ ಹೊನ್ನಾವರದಲ್ಲೇ ಎಂದಾಯಿತು. ಅತ್ತೆ ನನ್ನ ಊಟವನ್ನು ತಮ್ಮ ಕೈಗೆ ತೆಗೆದುಕೊಂಡರು. ಪಪ್ಪಾಯಿ ಉಷ್ಣ, ಹಲಸು ವಾಯು, ಸೊಪ್ಪು ತಂಪು, ಮಾವಿನಹಣ್ಣು ಕಜ್ಜಿ. ಉಳಿದದ್ದು ಗಂಜಿ, ತಿಳಿಸಾರು, ಸುಟ್ಟ ಹಪ್ಪಳ. ತಿಂದು ತಿಂದು ನಾನೇ ಹಪ್ಪಳದ ಬಣ್ಣಕ್ಕೆ ಬಂದಿದ್ದೆ.

ಹೊಟ್ಟೆ ಕಾಣಿಸಿಕೊಳ್ಳುವ ಹೊತ್ತಿಗೆ ಕಣ್ಣು ಕೈಕೊಟ್ಟಿತು. ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದು, ಬಾಗಿಲಲ್ಲಿ ನಿಂತಿದ್ದ ಮಾವನಿಗೆ ಬಗ್ಗಿ ನಮಸ್ಕಾರ ಮಾಡಿದೆ. ಆಶೀರ್ವಾದ ಬರಲಿಲ್ಲ. ಮತ್ತೆ ಮುಟ್ಟಿ ನೋಡಿದರೆ ಅದು ಗೂಟಕ್ಕೆ ನೇತುಹಾಕಿದ್ದ ಅವರ ಕೋಟು. ಆ ಶನಿವಾರ ಗಂಡ ಬಂದು ಜಗಲಿಯಲ್ಲಿ ಕೂತಾಗ ಕಾಫಿ ತಂದು ಪಕ್ಕದ ಕಂಬಕ್ಕೆ ಕೊಟ್ಟೆ. ಲೋಟ ಕೆಳಗೆ ಬಿದ್ದಾಗ ಅವರು ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ಅತ್ತುಬಿಟ್ಟೆ.

ಹಗಲು ಎಲ್ಲ ಸರಿ. ಸೂಜಿಗೆ ದಾರ ಪೋಣಿಸುತ್ತಿದ್ದೆ. ಸೂರ್ಯ ಮುಳುಗಿದ್ದೇ ತಡ, ಯಾರೋ ತಲೆಗೆ ಕಂಬಳಿ ಹೊದೆಸಿದ ಹಾಗೆ. ಲಾಟೀನು ಒಂದು ಹಳದಿ ಚುಕ್ಕೆ, ಅದರ ಸುತ್ತ ಏನೂ ಇಲ್ಲ. ಮಾವನಿಗೆ ಹೇಳಿದಾಗ ಕಣ್ಣಿನ ರೆಪ್ಪೆ ಎಳೆದು ನೋಡಿ "ಇರುಳುಗಣ್ಣು" ಎಂದರು. ಕತ್ತಲಾದ ಮೇಲೆ ಕಾಣದ ಕಾಯಿಲೆ, ಬಸುರಿಯರಿಗೆ ಬರುವುದುಂಟು. ಮಾವ ಹೆದರಬೇಡ ಎಂದರು. ಹೆದರಬೇಡ ಎಂದರೆ ಹೆದರಿಕೆ ಹೋಗುತ್ತದೆಯೇ. ಮಗು ಕತ್ತಲಲ್ಲಿ ಹುಟ್ಟಿದರೆ ಅದರ ಮುಖ ನನಗೆ ಕಾಣುವುದಿಲ್ಲ. ರಾತ್ರಿ ಅತ್ತರೆ ಕೈ ಎಲ್ಲಿ ಚಾಚಲಿ. ಹೊದಿಕೆ ಜಾರಿ ಮೂಗಿನ ಮೇಲೆ ಬಿದ್ದರೆ ನನಗೆ ಗೊತ್ತಾಗುವುದಾದರೂ ಹೇಗೆ. ಇದೇ ಯೋಚನೆ ಹಗಲೆಲ್ಲ ತಲೆ ತಿನ್ನುತ್ತಿತ್ತು. ಹೆರಿಗೆಯೊಳಗೆ ಕಣ್ಣು ಬರಬೇಕು, ಅಷ್ಟೇ ನನ್ನ ಬೇಡಿಕೆ.

ಅತ್ತೆ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಂಜೆಯಾದರೆ ಮಾತ್ರ ನನ್ನ ಮುಂದೆ ಮುಂದೆ ಹೋಗುವರು. ಹೊಸ್ತಿಲು ಬಂದಲ್ಲಿ ಬಾಗಿಲಿಗೆ ಬಳೆ ಬಡಿಯುವರು, ಮೆಟ್ಟಿಲು ಬಂದಲ್ಲಿ ಗೋಡೆಗೆ ಬಡಿಯುವರು. ಕೊಡ ಇಟ್ಟ ಜಾಗದಲ್ಲೇ ಕೊಡ, ಮಣೆ ಇಟ್ಟ ಜಾಗದಲ್ಲೇ ಮಣೆ. ಒಂದು ಗೇಣು ಆಚೆ ಇಟ್ಟರೂ ಕೆಲಸದವಳಿಗೆ ಬೈಗುಳ. ಸೊಸೆಯ ಮೇಲೆ ಕಾವಲು ಎಂದು ನಾನು ತಿಳಿದಿದ್ದೆ. ಬಳೆ ಸದ್ದು ಕೇಳಿದರೆ ಸಾಕು, ಮೈ ಉರಿಯುತ್ತಿತ್ತು.

ಮಾವ ಗ್ರಂಥ ತಿರುವಿದರು. ಈ ಕಾಯಿಲೆಗೆ ಆಡಿನ ಯಕೃತ್ತು, ಆಡುಮಾತಿನ ಕಲಿಜಾ, ಒಳ್ಳೆಯದೆಂದು ಅದರಲ್ಲೇ ಇತ್ತಂತೆ. ಆಡು ನಮ್ಮ ಅಂಗಳಕ್ಕೂ ಬರುವಂತಿರಲಿಲ್ಲ. ಆಗ ಅವರ ತಲೆಗೆ ಸಮುದ್ರ ಹೊಕ್ಕಿತು. ಭೂಮಿಯ ಪ್ರಾಣಿಯ ಕಲಿಜಾದಲ್ಲಿ ಇರುವ ಗುಣ ಸಮುದ್ರದ ಪ್ರಾಣಿಯದರಲ್ಲಿ ಇಲ್ಲದೆ ಇರುತ್ತದೆಯೇ. ಗಂಡನೂ ಭಟ್ಕಳದಿಂದ ಬಂದವರು ಹೌದೆಂದರು, ತಾಟೆ ಮೀನಿನ, ಅಂದರೆ ಶಾರ್ಕಿನ ಕಲಿಜಾದ ಎಣ್ಣೆಯನ್ನು ಕಣ್ಣಿಗೆ ಕೊಡುತ್ತಾರೆಂದು ತಾವೂ ಓದಿದ್ದಾಗಿ ಹೇಳಿದರು. ಅಲ್ಲಿಗೆ ತಂದೆ ಮಗ ಇಬ್ಬರೂ ಒಂದಾದರು. ಕಾಯಿಲೆ ನನ್ನದು ಎಂಬುದು ಇಬ್ಬರಿಗೂ ಮರೆತೇಹೋಯಿತು.

ಮಾವನಿಗೆ ಶಂಖ, ಚಿಪ್ಪು ತಂದುಕೊಡುತ್ತಿದ್ದವಳು ಮಾವಿನಕುರ್ವೆಯ ಮೀನುಗಾರರ ಹೆಂಗಸು. ಶರಾವತಿ ಸಮುದ್ರ ಸೇರುವಲ್ಲಿ ಇರುವ ಆ ನಡುಗಡ್ಡೆಯಿಂದ ದೋಣಿಯಲ್ಲಿ ಬರುತ್ತಿದ್ದಳು. ಅವಳ ತಾಯಿಯ ಮಂಡಿನೋವಿಗೆ ಮಾವ ತೈಲ ಕೊಡುತ್ತಿದ್ದರು, ಅದಕ್ಕೆ ಇದು. ತಾಟೆಯ ಕಲಿಜಾ ಬೇಕು ಎಂದಾಗ ಅವಳು ಬಾಯಿಗೆ ಸೆರಗು ಮುಚ್ಚಿಕೊಂಡಳು. "ಒಡೆಯಾ, ಅದರ ಎಣ್ಣೆ ನಾವು ದೋಣಿಗೆ ಹಚ್ಚೂದು. ನಿಮಗೆಂತಕ್ಕೆ?"

"ನಮ್ಮ ಸೊಸೆಗೆ."

ಅವಳು ನನ್ನನ್ನೂ ನನ್ನ ಹೊಟ್ಟೆಯನ್ನೂ ನೋಡಿ "ಹೌದೌದು, ದೋಣಿಯ ಹಾಂಗೇ ಆಗಿದ್ರು" ಎಂದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಮುಖ ನೋಡಿದರೆ ಯಾರಿಗೂ ನಗುವೇ ಬರುತ್ತಿತ್ತು.

ಅತ್ತೆಗೆ ವಿಷಯ ತಿಳಿಸುವ ಕೆಲಸ ಮಾವನದು. ಅರ್ಧ ದಿನ ಹಿತ್ತಲಲ್ಲಿ ತಿರುಗಾಡಿ ಧೈರ್ಯ ಮಾಡಿಕೊಂಡು ಹೇಳಿದರು. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಬೆಂಕಿ ಕಂಡು ಬರ್ಲಿ" ಎಂದರು. ಮಾವನಿಗೆ ಅಷ್ಟು ಸಾಕಿತ್ತು.

ಆ ಎಣ್ಣೆಗೆ ನಮ್ಮ ಮಾವ ತೋರಿಸಿದಷ್ಟು ಬೆಂಕಿಯನ್ನು ಯಾವ ಎಣ್ಣೆಯೂ ಕಂಡಿರಲಿಕ್ಕಿಲ್ಲ. ಹಿತ್ತಲ ತುದಿಯಲ್ಲಿ ಒಲೆ ಹೂಡಿ, ಮೂಗಿಗೆ ಪಂಚೆ ಕಟ್ಟಿಕೊಂಡು, ಕಲಿಜಾ ಬೇಯಿಸಿ ಮೇಲೆ ತೇಲಿದ ಎಣ್ಣೆ ತೆಗೆದರು. ಅದಕ್ಕೆ ಶಂಖಕ್ಕೆ ಮಾಡಿದ ಹಾಗೆ ಶುದ್ಧಿ. ಹುಳಿ ಮಜ್ಜಿಗೆಯಲ್ಲಿ ಕುದಿಸಿದರು, ನಿಂಬೆ ರಸದಲ್ಲಿ ಕುದಿಸಿದರು, ಏಲಕ್ಕಿ ಹಾಕಿ ಕುದಿಸಿದರು. ವಾಸನೆ ಹೋಗಲಿಲ್ಲವೆಂದು ಮತ್ತೆ ಮೊದಲಿಂದ. ಆಮೇಲೆ ಗಾಜಿನ ಬಾಟಲಿಗೆ ತುಂಬಿ ಬಿಸಿಲಲ್ಲಿ ಇಟ್ಟರು, ಸೂರ್ಯನೂ ಬೆಂಕಿಯೇ ತಾನೆ. ಕೊನೆಗೆ ಬಾಟಲಿ ಬಿಚ್ಚಿದರೆ ಮೀನಿನ ವಾಸನೆಯ ಹೆಸರೇ ಇಲ್ಲ. ಮಾವ ಆ ಬಾಟಲಿಯನ್ನು ತಂದು ಅತ್ತೆಯ ಮೂಗಿನ ಹತ್ತಿರ ಹಿಡಿದರು. ಅತ್ತೆ ಮೂಸಿ, ಹೂಂ ಎಂದರು. ಆ ಮನೆಯಲ್ಲಿ ಮಾವನಿಗೆ ಸಿಕ್ಕಿದ ದೊಡ್ಡ ಸನ್ಮಾನ ಅದು.

ದಿನಾ ಊಟವಾದ ಮೇಲೆ ಒಂದು ಚಮಚ ಕುಡಿದೆ. ಸಂಜೆಯಾದರೆ ಪರೀಕ್ಷೆ. ಮಾವ ನನ್ನನ್ನು ಜಗಲಿಯಲ್ಲಿ ಕೂರಿಸಿ, ಮುಂದೆ ಏನಾದರೊಂದು ಹಿಡಿದು "ಇದೆಂತದು ಹೇಳು" ಎನ್ನುವರು.

"ಕೊಡೆ."

"ಮತ್ತೊಂದು ಸಲ ನೋಡು."

"ಕೊಡೆಯೇ ಮಾವ. ಮಡಚಿದ ಕೊಡೆ."

ಅದು ಸೌತೆಕಾಯಿ. ಹೀಗೇ ಅಡಕತ್ತರಿಯನ್ನು ಕನ್ನಡಕ ಎಂದೆ, ಕನ್ನಡಕವನ್ನು ಏನೂ ಇಲ್ಲ ಎಂದೆ. ಪಕ್ಕದ ಮನೆಯ ಮಕ್ಕಳಿಗೆ ಇದೊಂದು ಆಟ ಸಿಕ್ಕಿತು, ಸಂಜೆ ಅಂಗಳದಲ್ಲಿ ಬಂದು ಕೂರುವವು. ಒಂದು ದಿನ ಮಾವ ಏನನ್ನೂ ಹಿಡಿಯದೆ ಬರಿಗೈ ಚಾಚಿ ಕೇಳಿದರು. ಬಾಳೆಹಣ್ಣು ಎಂದೆ. ಮಕ್ಕಳು ನಗಲಿಲ್ಲ. ಮಾವನೂ ನಗಲಿಲ್ಲ. ಅವರ ಮುಖ ಹೇಗಿತ್ತೋ ನನಗೆ ಕಾಣಲಿಲ್ಲ, ಉಸಿರು ಬಿಟ್ಟದ್ದು ಮಾತ್ರ ಕೇಳಿಸಿತು. ಅಷ್ಟು ಹೊತ್ತಿಗೆ ಸೀಮಂತ ಮುಗಿದಿತ್ತು. ಅಡುಗೆಮನೆಯಿಂದ ಬಳೆಯ ಸದ್ದು ಬಂತು, ನಾನು ಎದ್ದು ಅದರ ಹಿಂದೆ ಒಳಗೆ ಹೋದೆ.

ಕುಮಟೆಯಲ್ಲಿ ಮಾವನ ಸ್ನೇಹಿತರೊಬ್ಬರು ಡಾಕ್ಟರಿದ್ದರು, ಕೊಂಕಣಿ ಮಾತಿನವರು. ಇಬ್ಬರಿಗೂ ಎದುರು ಬದುರು ಕೂತರೆ ಜಗಳ, ತಿಂಗಳು ನೋಡದಿದ್ದರೆ ಬೇಜಾರು. ಮಾವ ಒಂದು ಬೆಳಿಗ್ಗೆ ನನ್ನನ್ನೂ ಬಾಟಲಿಯನ್ನೂ ಬಸ್ಸು ಹತ್ತಿಸಿಕೊಂಡು ಅಲ್ಲಿಗೆ ಹೋದರು. ಡಾಕ್ಟರು ನನ್ನ ಕಣ್ಣು ನೋಡಿದರು. ಏನು ತಿನ್ನುತ್ತೀಯಮ್ಮ ಎಂದು ಕೇಳಿದರು. ಅತ್ತೆಯ ಪಥ್ಯ ಹೇಳಿದೆ. ತಲೆಗೆ ಕೈಹೊತ್ತು, "ಸೊಪ್ಪು, ಹಣ್ಣು ಎಲ್ಲ ತಿನ್ನು, ನಾನು ಹೇಳಿದೆ ಅಂತ ಹೇಳು" ಎಂದರು. ಆಮೇಲೆ ಬಾಟಲಿ ಬಿಚ್ಚಿ ಮೂಸಿದರು.

"ವೈದ್ಯರೇ, ಇದಕ್ಕೆ ವಾಸನೆಯೇ ಇಲ್ಲವಲ್ಲ."

"ಅದೇ ಮತ್ತೆ" ಎಂದರು ಮಾವ, ಎದೆ ಉಬ್ಬಿಸಿ. "ನಿಮ್ಮ ಯಾವ ಕಂಪನಿಗೆ ಬತ್ತು ಇದು?"

"ಏನು ಮಾಡಿದ್ರಿ?"

ಮಾವ ಮಜ್ಜಿಗೆಯಿಂದ ಹಿಡಿದು ಬಿಸಿಲಿನವರೆಗೆ ಬಿಡಿಸಿ ಹೇಳಿದರು. ಡಾಕ್ಟರು ಕೇಳುತ್ತಾ ಕೇಳುತ್ತಾ ಕುರ್ಚಿಗೆ ಒರಗಿ, ಹೊಟ್ಟೆ ಕುಣಿಯುವಂತೆ ನಗತೊಡಗಿದರು. "ಇದನ್ನ ಬಾಗಿಲ ತಿರುಗಣಿಗೆ ಬಿಡಿ ವೈದ್ಯರೇ. ಕಿರ್ ಅನ್ನೋದು ನಿಲ್ತದೆ. ಕಣ್ಣಿಗೆ ಏನೂ ಆಗೋದಿಲ್ಲ." ನಗು ತಡೆದುಕೊಂಡು ಹೇಳಿದರು. ಶಂಖ, ಚಿಪ್ಪು ಕಲ್ಲಿನ ಜಾತಿ, ಅವುಗಳಿಗೆ ಬೆಂಕಿ ಕೊಟ್ಟರೇ ಮೈಗೆ ಹತ್ತುವುದು. ಈ ಎಣ್ಣೆಯಲ್ಲಿ ಕಣ್ಣಿಗೆ ಬೇಕಾದ ಅಂಶ ಬಹಳ ನಾಜೂಕಿನದು. ಗಾಳಿಯಲ್ಲಿ ಹೊತ್ತುಗಟ್ಟಲೆ ಕುದಿಸಿದರೆ ಹಾಳು, ಬಿಸಿಲಿಗಿಟ್ಟರೆ ಹಾಳು. ಸ್ವಲ್ಪ ಬಿಸಿಯಲ್ಲಿ ಎಣ್ಣೆ ಬಿಡಿಸಿ, ತೆಗೆದು, ಕಪ್ಪು ಬಾಟಲಿಗೆ ಹಾಕಿ ನೆರಳಲ್ಲಿ ಇಡಬೇಕು. ಗುಣ ಉಳಿಯಬೇಕಾದರೆ ವಾಸನೆಯೂ ಉಳಿಯಲಿ. ಅವರ ದವಾಖಾನೆಯಲ್ಲಿದ್ದ ಪರದೇಶದ ಮೀನೆಣ್ಣೆ ಮುಗಿದು, ಹೊಸದು ಯಾವಾಗ ಬರುತ್ತದೋ ಅವರಿಗೂ ಗೊತ್ತಿರಲಿಲ್ಲ. "ನೀವೇ ಮಾಡಿ. ಕೈ ಚೆನ್ನಾಗಿದೆ ನಿಮ್ಮದು. ಬೆಂಕಿ ಒಂದು ಕಡಿಮೆ ಮಾಡಿ."

ವಾಪಸು ಬಸ್ಸಿನಲ್ಲಿ ಮಾವ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಪೆಟ್ಟು ಬಿದ್ದಿದೆ ಎಂದುಕೊಂಡೆ. ಹೊನ್ನಾವರ ಹತ್ತಿರವಾದಾಗ ತಾವೇ ನಕ್ಕರು. "ಅಲ್ದನೇ ತಂಗಿ, ಬೆಂಕಿಗೆ ಕೊಟ್ಟಿದ್ದೆಲ್ಲ ಔಷಧಿ ಆಗ್ತು ಹೇಳಿ ಜನ್ಮ ಪೂರ್ತಿ ಕೂತಿದ್ದು. ಕೊಡದೇ ಇಡಬೇಕಾದ್ದೂ ಒಂದು ಇದ್ದಿತ್ತಲೇ." ಹೊಸದೊಂದು ಗೊತ್ತಾದ ಸಂತೋಷದಲ್ಲಿ ಸೋತದ್ದು ಮರೆತೇಬಿಟ್ಟಿದ್ದರು. ಅವರ ಈ ಗುಣ ನನಗೆ ಬಹಳ ಇಷ್ಟ. ನನಗದು ಈ ವಯಸ್ಸಿಗೂ ಬಂದಿಲ್ಲ.

ಆದರೆ ಸರಿಯಾಗಿ ಬೆಂಕಿ ಕಾಣದ ಮೀನೆಣ್ಣೆಯನ್ನು ಆ ಮನೆಗೆ ತರುವುದು ಹೇಗೆ. ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಡಾಕ್ಟರು ಹೇಳಿದ್ದನ್ನೆಲ್ಲ ಅತ್ತೆಗೆ ಒಪ್ಪಿಸಿದರು. ಎಣ್ಣೆ ಮನೆಯೊಳಗೆ ಬರುವುದಿಲ್ಲ, ಕೊಟ್ಟಿಗೆಯ ಮಾಡಿನಲ್ಲಿ ನೇತುಹಾಕುತ್ತೇನೆ, ಇವಳು ಅಲ್ಲೇ ಹೋಗಿ ಕುಡಿದು, ಬಾಯಿ ತೊಳೆದು ಬರಲಿ ಎಂದರು. ಅತ್ತೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಲೆಯ ಬೆಂಕಿಯನ್ನೇ ನೋಡುತ್ತಾ ಕೂತಿದ್ದರು.

ಮಾವ ಈ ಸಲ ಮಾವಿನಕುರ್ವೆಗೇ ಹೋಗಿ, ಆ ಹೆಂಗಸಿನ ಅಂಗಳದಲ್ಲಿ ಕೂತು ಮಾಡಿಸಿದರು. ದೊಡ್ಡ ಪಾತ್ರೆಯ ಬಿಸಿನೀರಿನೊಳಗೆ ಚಿಕ್ಕ ಪಾತ್ರೆ ಇಟ್ಟು, ನೀರು ಕುದಿಯದ ಹಾಗೆ ಕಾದು, ಎಣ್ಣೆ ಬಿಟ್ಟ ಕೂಡಲೇ ಇಳಿಸಿದರಂತೆ. ಸಂಜೆ ದೋಣಿ ಇಳಿದು ಬಂದರಿನಿಂದ ಮನೆಗೆ ಬರುವಾಗ ಅವರ ಹಿಂದೆ ಊರ ಬೆಕ್ಕುಗಳೆಲ್ಲ ಬಂದವು. ದಾರಿಯಲ್ಲಿ ಸಿಕ್ಕವರು ವೈದ್ಯರಿಗೆ ದಾರಿ ಬಿಟ್ಟು ಅಷ್ಟು ದೂರ ನಿಂತದ್ದು ಅದೇ ಮೊದಲು. ಅತ್ತೆ ಅವರನ್ನು ಅಂಗಳದಲ್ಲೇ ನಿಲ್ಲಿಸಿ ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದರು. ಪಂಚೆಯನ್ನು ಕೋಲಿನಿಂದ ಎತ್ತಿ ಬೇಲಿಯಾಚೆ ಹಾಕಿದರು.

ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಬಾಟಲಿಯ ಬಿರಡೆ ಬಿಚ್ಚಿದೆ. ವಾಸನೆ ಮೂಗಿಗೆ ಬಡಿದದ್ದೇ, ಹಿಂದಿನ ದಿನದ ಗಂಜಿಯೂ ಹೊರಗೆ ಬಂತು. ಅದರ ಮ‍ರುದಿನವೂ ಅಷ್ಟೇ. ಮೂಗು ಹಿಡಿದುಕೊಂಡು ಕುಡಿದರೂ ಗಂಟಲಲ್ಲಿ ನಿಲ್ಲಲಿಲ್ಲ. ಎಮ್ಮೆ ನನ್ನನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು. ಅದನ್ನು ಕಂಡು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಚಮಚ ಎಸೆದು, ಕಣ್ಣು ಹೋದರೆ ಹೋಗಲಿ, ನನ್ನಿಂದಾಗದು ಎಂದು ಜೋರಾಗಿ ಹೇಳಿ ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಚಮಚ ಹೆಕ್ಕಿದ ಸದ್ದಾಯಿತು. ನೋಡಿದರೆ ಅತ್ತೆ. ಇನ್ನೂ ಸ್ನಾನವಾಗಿರಲಿಲ್ಲ, ಹಿಂದಿನ ದಿನದ ಸೀರೆಯಲ್ಲೇ ಇದ್ದರು. ಚಮಚವನ್ನು ತೊಳೆದು, ಮಾಡಿನಿಂದ ಬಾಟಲಿ ಇಳಿಸಿದರು. ಅವರು ಆ ಬಾಟಲಿ ಹಿಡಿದದ್ದನ್ನು ಕಂಡು ನನ್ನ ಅಳು ನಿಂತೇಹೋಯಿತು. ಬೆರಳಿಗೆ ಎಣ್ಣೆ ಜಿನುಗಿತು, ಒರೆಸಿಕೊಳ್ಳಲೂ ಇಲ್ಲ.

"ಯಂಗೂ ಬಸುರಲ್ಲಿ ಹೀಂಗೇ ಆಗಿತ್ತು" ಎಂದರು. "ಕತ್ತಲಾದ್ರೆ ಎಂತದೂ ಕಾಣ್ತಿದ್ದಿಲ್ಲೆ. ಅತ್ತೆಮನೆಯಲ್ಲಿ ಗೊತ್ತಾದ್ರೆ ಕುರುಡಿಯನ್ನ ತಂದ್ರು ಹೇಳ್ತ ಹೇಳಿ ಯಾರ ಹತ್ರವೂ ಹೇಳಿದ್ದಿಲ್ಲೆ. ನಿನ್ನ ಮಾವಂಗೂ ಗೊತ್ತಿಲ್ಲೆ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ನಿನ್ನ ಗಂಡ ಹುಟ್ಟಿದ್ದು ದೀಪ ಹಚ್ಚೋ ಹೊತ್ತಿಗೆ. ಮುಖ ಕಂಡಿದ್ದು ಬೆಳಗಾದ ಮೇಲೆ." ಬಾಟಲಿಯ ಬಿರಡೆ ಬಿಚ್ಚಿದರು. "ಅವಂಗಿಂತ ಮೊದಲು ಒಂದು ಕೂಸು ಹುಟ್ಟಿತ್ತು. ಅದೂ ಕತ್ತಲೆಗೇ. ಬೆಳಗಾಗುವವರೆಗೆ ಅದು ಉಳಿದಿದ್ದಿಲ್ಲೆ. ಬೆಳಕು ಹರಿಯೂದ್ರೊಳಗೆ ಮನೆಯವು ಮಣ್ಣಿಗೆ ತಗಂಡೂ ಹೋಗಿದ್ದ. ಮುಖವ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದ್ದು, ಅಷ್ಟೇಯ."

ಚಮಚಕ್ಕೆ ಎಣ್ಣೆ ಬಗ್ಗಿಸಿ ನನ್ನ ಬಾಯಿಯ ಹತ್ತಿರ ಹಿಡಿದರು. "ತಗ, ಕುಡಿ." ಇನ್ನೊಂದು ಕೈಯಲ್ಲಿ ಮಾವಿನಮಿಡಿಯ ಉಪ್ಪಿನಕಾಯಿ ಇತ್ತು. ಕುಡಿದೆ. ಹೊಟ್ಟೆ ಮೇಲೆದ್ದು ಬಂತು, ಮಿಡಿ ಕಚ್ಚಿಕೊಂಡು ಕೂತೆ, ಇಳಿಯಿತು. ಅತ್ತೆ ಬಾಟಲಿಯನ್ನು ಮತ್ತೆ ನೇತುಹಾಕಿ ಸ್ನಾನಕ್ಕೆ ಹೋದರು. ಆಮೇಲೆ ದಿನಾ ಹೀಗೇ. ಮಡಿ ಉಡುವ ಮೊದಲು ಕೊಟ್ಟಿಗೆಗೆ ಬಂದು ನನಗೆ ಮೀನೆಣ್ಣೆ ಕುಡಿಸಿ, ಮಿಡಿ ತಿನ್ನಿಸಿ, ಆಮೇಲೆ ಸ್ನಾನ ಮಾಡಿ ದೇವರಿಗೆ ಹೂ ಕೊಯ್ಯುವರು. ಪಥ್ಯವೂ ಸದ್ದಿಲ್ಲದೆ ಮಾಯವಾಯಿತು. ನುಗ್ಗೆಸೊಪ್ಪಿನ ಪಲ್ಯ ಬಡಿಸಿದ ದಿನ ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಇಷ್ಟು ಹೊತ್ತಿಗೆ ನನಗೆ ಬಳೆಯ ಸದ್ದಿನ ಅರ್ಥವೂ ಆಗಿತ್ತು. ಕಾಣದವರಿಗೆ ಎಲ್ಲಿ ಎಡವುತ್ತದೆಂದು ಅವರಿಗೆ ಗೊತ್ತಿತ್ತು. ಕಾವಲು ಎಂದು ನಾನು ಉರಿದುಕೊಂಡಿದ್ದೆನಲ್ಲ, ನೆನೆದರೆ ಈಗಲೂ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ.

ಒಂದು ಸಂಜೆ ಹಿತ್ತಲಿಂದ ಒಳಗೆ ಬರುತ್ತಿದ್ದೆವು. ಅತ್ತೆ ಲಾಟೀನು ಹಿಡಿದು ಮುಂದೆ, ನಾನು ಹಿಂದೆ. ಕತ್ತಲಾಗಿತ್ತು. ಮೆಟ್ಟಿಲ ಹತ್ತಿರ ಅತ್ತೆ ನಿಂತು, ಗೋಡೆಗೆ ಬಡಿಯಲೆಂದು ಕೈ ಎತ್ತಿದ್ದು ನನಗೆ ಕಾಣಿಸಿತು. ಹಸಿರು ಬಳೆ, ಅದರ ಕೆಳಗೆ ಬಿಳಿ ದಾರ, ಎಲ್ಲ.

"ಅತ್ತೆ, ಬಡಿಯಡಿ" ಎಂದೆ. "ಮೆಟ್ಟಿಲು ಕಾಣ್ತು."

ಅವರು ಎತ್ತಿದ ಕೈ ಹಾಗೇ ಇಳಿಸಿ, ನನ್ನ ತಲೆ ನೇವರಿಸಿ ಒಳಗೆ ಹೋದರು. ಮಾವನಿಗೆ ಮಾತ್ರ ನಂಬಿಕೆ ಬರಬೇಕಾದರೆ ಪರೀಕ್ಷೆ ಆಗಬೇಕು. ಓಡಿಹೋಗಿ ಏನೋ ತಂದು ಹಿಡಿದರು. "ಸೌತೆಕಾಯಿ, ಅದೂ ಬಾಡಿದ್ದು" ಎಂದೆ. ಅಂಗಳದ ಮಕ್ಕಳು ಚಪ್ಪಾಳೆ ತಟ್ಟಿದವು. ಮಾವ ಸೌತೆಕಾಯಿ ಎತ್ತಿ ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದರು. ಮರುದಿನದಿಂದ ಊರಲ್ಲಿ ಯಾರು ಸಂಜೆ ಎಡವಿದರೂ ಬಿಡುತ್ತಿರಲಿಲ್ಲ, ಹಿಡಿದು ಕೂರಿಸಿ ಕಪ್ಪು ಬಾಟಲಿ ತೆಗೆಯುವರು. ಹೊಸ ಚಪ್ಪಲಿ ಕಚ್ಚಿ ಎಡವಿದವರೂ ಕುಡಿದು ಹೋದರು. ತಿರುಗಣಿಗೆ ಹಾಕಿದ ಹಳೆಯ ಎಣ್ಣೆಯಿಂದ ನಮ್ಮ ಮನೆಯ ಬಾಗಿಲುಗಳು ಎಷ್ಟೋ ಕಾಲ ಸದ್ದು ಮಾಡಲಿಲ್ಲ.

ನನಗೆ ನೋವು ಶುರುವಾದದ್ದು ಮಧ್ಯಾಹ್ನ. ಸೂಲಗಿತ್ತಿ ಬಂದವಳು ಕೋಣೆಯೊಳಗೆ ಮೂಗು ಅರಳಿಸಿ, "ಈ ಮನೆಯಲ್ಲಿ ಮೀನಿನ ವಾಸನೆ ಎಂತಕ್ಕೆ ಬತ್ತದೆ?" ಎಂದು ಕೇಳಿದಳು. ನೋವಿನ ನಡುವೆಯೂ ನನಗೆ ನಗು ಬಂತು. ಅತ್ತೆ ಏನೂ ಆಗದವರ ಹಾಗೆ "ನೀನು ನಿನ್ನ ಕೆಲಸ ನೋಡು" ಎಂದರು. ಹಗಲಲ್ಲೇ ಆಗಿಬಿಡಲಿ ಎಂದು ನಾನು ಬೇಡುತ್ತಿದ್ದೆ. ಆಗಲಿಲ್ಲ. ಹೊರಗೆ ಕತ್ತಲಿಳಿದು, ಮಾವ ದೇವರ ಮುಂದೆ ದೀಪ ಹಚ್ಚಿದ ಹೊತ್ತಿಗೆ ಮಗು ಹುಟ್ಟಿತು. ಹೆಣ್ಣು.

ಸೂಲಗಿತ್ತಿ ಒರೆಸಿ ಕೊಟ್ಟಿದ್ದನ್ನು ಅತ್ತೆ ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಪಕ್ಕ ಕೂತರು. ಲಾಟೀನನ್ನು ಹತ್ತಿರ ಎಳೆದರು.

"ಕಾಣ್ತಾ?"

"ಕಾಣ್ತು ಅತ್ತೆ."

"ಹೇಂಗಿದ್ದು, ಹೇಳು."

ಅವರ ಕಣ್ಣಿಗೆ ಆಗ ಯಾವ ತೊಂದರೆಯೂ ಇರಲಿಲ್ಲ. ದೀಪ ಪಕ್ಕದಲ್ಲಿತ್ತು, ಮಗು ತೊಡೆಯ ಮೇಲೇ ಇತ್ತು. ಆದರೂ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಾನು ಹೇಳುತ್ತಾ ಹೋದೆ. ಹಣೆ ಅಗಲ, ಕೂದಲು ಹಣೆಯವರೆಗೆ ಬಂದಿದೆ. ಮೂಗು ಮೊಂಡು. ಕಿವಿಯ ತುದಿ ಮಡಚಿಕೊಂಡಿದೆ. ಗಲ್ಲದಲ್ಲಿ ಒಂದು ಸಣ್ಣ ಗುಳಿ. ನಾನು ಹೇಳಿದಲ್ಲೆಲ್ಲ ಅತ್ತೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟುತ್ತಾ ಬಂದರು. ಗಲ್ಲದ ಗುಳಿಯ ಮೇಲೆ ಬೆರಳು ಬಂದು ನಿಂತಿತು.

"ಹಾಂಗಾರೆ ಆ ಕೂಸೂ ಹೀಂಗೇ ಇದ್ದಿತ್ತು" ಎಂದರು.